ಏರುವ ಹೊಳೆಯೂ ಹೊಳೆದಂಡೆಯ ಮನೆಗಳೂ

ಈ ತಿಂಗಳಿನ ಪಾಠವು ಹೊಳೆಯ ವಿಷಯವಾದದ್ದು. ಕೃಷ್ಣಾ, ಘಟಪ್ರಭಾ, ಮಲಪ್ರಭಾ, ದೂಧಗಂಗಾ, ವೇದಗಂಗಾ ಎಂಬ ಹೊಳೆಗಳ ದಂಡೆಯಲ್ಲಿ ವಾಸಿಸುವವರಿಗೋಸ್ಕರ ಇದನ್ನು ಬರೆಯುತ್ತೇವೆ. ಮಡ್ಡಿಯ ಮೇಲಿನ ಊರುಗಳವರು ಇದು ನಮಗೆ ಸಂಬಂಧಪಟ್ಟದ್ದಲ್ಲವೆಂದು ಪುಟವನ್ನು ಮಗುಚಿಹಾಕದಿರಲಿ. ಯಾಕಂದರೆ ಹೊಳೆ ಏರಿದ ರಾತ್ರಿ ದಂಡೆಯವರು ಮೂಟೆಯನ್ನು ಹೊತ್ತುಕೊಂಡು ಬರುವದು ಮಡ್ಡಿಯವರ ಅಂಗಳಕ್ಕೇ.

ಮೊದಲು ಈ ನೀರು ಎಲ್ಲಿಂದ ಬರುತ್ತದೆಂಬದನ್ನು ತಿಳುಕೊಳ್ಳೋಣ. ಕೃಷ್ಣೆ ಹುಟ್ಟುವದು ಸಹ್ಯಾದ್ರಿಯ ಮೇಲೆ ಮಹಾಬಳೇಶ್ವರದ ಬಳಿಯಲ್ಲಿ. ಅಲ್ಲಿ ವರುಷಕ್ಕೆ 5,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವದು ವಾಡಿಕೆ. ಬಾಗಲಕೋಟೆಯ ಸೀಮೆಯಲ್ಲಿಯಾದರೋ 600 ಮಿಲಿಮೀಟರು ಬಿದ್ದರೆ ರೈತನು ಸಂತೋಷಪಡುತ್ತಾನೆ. 2021ನೇ ಇಸವಿಯ ಜುಲೈ 22-23ರಲ್ಲಿ ಒಂದು ಹಗಲು ಒಂದು ರಾತ್ರಿಯೊಳಗೆ ಮಹಾಬಳೇಶ್ವರದಲ್ಲಿ 590 ಮಿಲಿಮೀಟರಿಗೂ ಮೇಲ್ಪಟ್ಟು ಸುರಿಯಿತು. ಅಂದರೆ ನಮ್ಮ ಸೀಮೆಗೆ ವರುಷವೆಲ್ಲಾ ಸೇರಿ ಬರುವ ಮಳೆಯು ಅಲ್ಲಿ ಒಂದು ದಿನಕ್ಕೆ ಬಂತು. ಅಂಥಾ ನೀರು ಕರಾಡದಲ್ಲಿ ಕೊಯ್ನೆಯನ್ನೂ, ಸಾಂಗಲಿಯ ಬಳಿ ವಾರಣೆಯನ್ನೂ, ನರಸೋಬವಾಡಿಯಲ್ಲಿ ಪಂಚಗಂಗೆಯನ್ನೂ ಕೂಡಿಕೊಂಡು ಚಿಕ್ಕೋಡಿಯ ಕಡೆ ನಮ್ಮ ನಾಡನ್ನು ಹೊಗುತ್ತದೆ. ಅಲ್ಲಿ ದೂಧಗಂಗೆ ಬಂದು ಸೇರುತ್ತದೆ. ಮುಂದೆ ಚಿಕ್ಕಸಂಗಮದಲ್ಲಿ ಘಟಪ್ರಭೆ, ಕೂಡಲಸಂಗಮದಲ್ಲಿ ಮಲಪ್ರಭೆ. ಇಷ್ಟು ಹೊಳೆಗಳ ಲೆಕ್ಕವನ್ನು ಒಂದೇ ಪಾತ್ರವು ತೀರಿಸಬೇಕಾಗಿದೆ.

ಆದಕಾರಣ ನಮ್ಮ ಊರಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳೆ ಏರಬಹುದು. ಇದನ್ನು ನಂಬಿಸುವದೇ ಕಷ್ಟವಾಗಿದೆ. ಡಂಗುರದವನು ಸಾರಿಕೊಂಡು ಹೋದ ಮೇಲೆಯೂ ಕಟ್ಟೆಯ ಮೇಲೆ ಕೂತವರು ಆಕಾಶವನ್ನು ನೋಡಿ, “ಬಿಸಲ ಬಿದ್ದೈತಿ, ಹೊಳಿ ಎಲ್ಲಿಂದ ಬರ್ತೈತಿ?” ಎಂದು ನಗುವದನ್ನು ನಾವು ಕಿವಿಯಾರೆ ಕೇಳಿದ್ದೇವೆ. ಆಕಾಶವು ಅವರಿಗೆ ಸುಳ್ಳು ಹೇಳಲಿಲ್ಲ. ಅವರು ಕೇಳಬೇಕಾದ ಆಕಾಶವು ಅದಲ್ಲ.

ಆದರೆ ಎಲ್ಲಾ ನೆರೆಯೂ ದೂರದಿಂದ ಬರುವದಿಲ್ಲ. 2019ರ ಆಗಸ್ಟಿನಲ್ಲಿ ಬಂದದ್ದು ಆಶ್ಲೇಷೆಯ ಮಳೆಯ ಕಾಲದ್ದು. ಘಟ್ಟದ ನೀರೂ ತುಂಬಿದ ಆಣೆಕಟ್ಟುಗಳ ನೀರೂ ಕೂಡಿ ಬಂದದ್ದು. ನವಿಲುತೀರ್ಥದ ಆಣೆಕಟ್ಟು ತುಂಬಿ ನೀರು ಬಿಡಬೇಕಾಗಿ ಬಂದಾಗ ಮಲಪ್ರಭೆಯು ಪಟ್ಟದಕಲ್ಲಿನ ಗುಡಿಗಳೊಳಗೆ ಹೊಕ್ಕಿತು. 2009ರಲ್ಲಿ ಬಂದದ್ದಾದರೋ ಸಪ್ಟಂಬರ್ ತಿಂಗಳಿನ ಕಡೆಯಲ್ಲಿ, ಹಸ್ತದ ಮಳೆಯಲ್ಲಿ, ಇನ್ನು ಮಳೆಗಾಲ ಮುಗಿಯಿತೆಂದು ಜನರು ನೆನಸಿದ ಹೊತ್ತಿನಲ್ಲಿ. ಆಗ ಮಳೆ ಬಿದ್ದದ್ದು ನಮ್ಮ ಬಯಲುಸೀಮೆಯ ಮೇಲೆಯೇ. ಹೊಳೆಗಿಂತ ಮುಂಚೆ ಹಳ್ಳಗಳು ಎದ್ದವು; ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನರು ಸತ್ತರು. ಈ ಎರಡು ವಿಧಗಳ ಭೇದವನ್ನು ಮರೆಯಬಾರದು. ದೂರದ ನೆರೆ ಸುದ್ದಿಯನ್ನು ಮುಂದಾಗಿ ಕಳುಹಿಸುತ್ತದೆ, ಸಿದ್ಧಮಾಡಿಕೊಳ್ಳುವದಕ್ಕೆ ಗಂಟೆಗಳು, ಕೆಲವು ಸಾರಿ ಒಂದು ದಿನವೂ ಸಿಕ್ಕುತ್ತದೆ. ಹತ್ತಿರದ ನೆರೆ ರಾತ್ರಿಯಲ್ಲಿ ಹಿತ್ತಲ ಹಳ್ಳದಿಂದ ಬರುತ್ತದೆ. ಹಳ್ಳದ ಪಕ್ಕದಲ್ಲಿ ಮಲಗುವವರು ದೊಡ್ಡ ಮಳೆಯ ರಾತ್ರಿಯಲ್ಲಿ ಯಾರ ಸಾರೋಣವನ್ನೂ ಕಾಯದೆ ಏಳತಕ್ಕದ್ದು.

ಇನ್ನು ಸುದ್ದಿಯನ್ನು ಓದುವ ಬಗೆ. ಇಷ್ಟು ಲಕ್ಷ ಕ್ಯೂಸೆಕ್ ನೀರು ಬಿಟ್ಟಿದ್ದಾರೆಂದು ಪತ್ರಿಕೆಯಲ್ಲಿಯೂ ಮೊಬೈಲಿನಲ್ಲಿಯೂ ಬರುತ್ತದೆ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಡಬ್ಬಿಯೊಳಗೆ ಹಿಡಿಯುವ ನೀರು ಒಂದು ಸೆಕೆಂಡಿಗೆ ಹರಿದರೆ ಅದು ಒಂದು ಕ್ಯೂಸೆಕ್ ಆಯಿತು. ಆ ಡಬ್ಬಿಯಲ್ಲಿ 28 ಲೀಟರಿಗೆ ತುಸು ಹೆಚ್ಚು, ಅಂದರೆ ಎರಡು ದೊಡ್ಡ ಕೊಡದಷ್ಟು ನೀರು ಹಿಡಿಯುತ್ತದೆ. ಲಕ್ಷ ಕ್ಯೂಸೆಕ್ ಅಂದರೆ ನೀವು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎರಡು ಲಕ್ಷ ಕೊಡಗಳು ನಿಮ್ಮೆದುರು ದಾಟಿಹೋದ ಹಾಗೆ. 2019ರಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್ಕಿಗಿಂತಲೂ ಹೆಚ್ಚು ಬಿಡಬೇಕಾಯಿತು. ಆದರೆ ಈ ಅಂಕೆಯೊಂದೇ ನಿಮ್ಮ ಹೊಸ್ತಿಲಿಗೆ ನೀರು ಬರುವದೋ ಇಲ್ಲವೋ ಎಂಬದನ್ನು ತಿಳಿಸಲಾರದು. ಅದನ್ನು ತಿಳಿಸುವದು ನಿಮ್ಮ ಊರಿನ ನೆನಪು. ಆದದರಿಂದ ಪ್ರತಿ ಊರಲ್ಲಿ ಓದುಬರಹ ಬಲ್ಲ ಒಬ್ಬನು ಒಂದು ನೋಟುಬುಕ್ಕನ್ನು ಇಡಲಿ. ಇಂಥಾ ದಿನ ರಾಜಾಪುರ ಬಾಂದಾರದಿಂದಾಗಲಿ ಹಿಡಕಲ್ಲಿನಿಂದಾಗಲಿ ಇಷ್ಟು ಬಿಟ್ಟರು, ಇಷ್ಟು ಹೊತ್ತಿನ ಮೇಲೆ ನೀರು ನಮ್ಮ ಊರಿನ ಇಂಥಾ ಕಲ್ಲಿಗೆ ಮುಟ್ಟಿತು ಎಂದು ಬರೆಯಲಿ. ಮೂರು ನಾಲ್ಕು ಮಳೆಗಾಲ ಬರೆದ ಆ ಪುಸ್ತಕವು ಆ ಊರಿಗೆ ಯಾವ ಪಂಚಾಂಗಕ್ಕಿಂತಲೂ ಪ್ರಯೋಜನವಾದದ್ದು. ಮೇಲಿನವರು ಕೆಳಗಿನ ಆಣೆಕಟ್ಟನ್ನೂ ಕೆಳಗಿನವರು ಮೇಲಿನ ಆಣೆಕಟ್ಟನ್ನೂ ದೂರುವದು ವರುಷವರುಷವೂ ನಡೆಯುತ್ತದೆ. ಅದನ್ನು ತೀರ್ಮಾನಿಸುವದು ಈ ಪಾಠದ ಕೆಲಸವಲ್ಲ.

ಚಿಕ್ಕೋಡಿ ನಿಪ್ಪಾಣಿಯ ಕಡೆಯವರಿಗೆ ಮತ್ತೊಂದು ಗುರುತು ಉಂಟು. ಕಲ್ಲೋಳ-ಯಡೂರ, ಜತ್ರಾಟ-ಭೀವಶಿ ಮುಂತಾದ ತಗ್ಗಿನ ಬಾಂದಾರ-ಸೇತುವೆಗಳು ಮೊದಲು ಮುಳುಗುತ್ತವೆ. ಅವು ಮುಳುಗಿದವೆಂಬದನ್ನು ಕೇಳಿ ಜನರು ನೋಡುವದಕ್ಕೆ ಹೋಗುತ್ತಾರೆ. ನೋಡುವದಕ್ಕೆ ಹೋಗದೆ ಮನೆಗೆ ಬಂದು ಗಂಟು ಕಟ್ಟುವದು ಲೇಸು.

ಈಗ ಈ ಪಾಠದ ಮುಖ್ಯ ಭಾಗಕ್ಕೆ ಬರುತ್ತೇವೆ. ಇದನ್ನು ಎರಡು ಸಾರಿ ಓದಿರಿ. ಹೊಳೆ ಏರುತ್ತಿರುವಾಗ ಒಂದು ಗಳವನ್ನು ತೆಗೆದುಕೊಂಡು ಗೇಣಿಗೊಂದರಂತೆ ಸುಣ್ಣದ ಗೆರೆಗಳನ್ನು ಎಳೆದು ನೀರಿನ ಅಂಚಿನಲ್ಲಿ ನೆಡಬೇಕು. ತಾಸಿಗೆ ಎಷ್ಟು ಏರಿತೆಂಬದನ್ನು ನೋಡಬೇಕು. ನಿಮ್ಮ ಹೊಸ್ತಿಲು ಈಗಿನ ನೀರಿಗಿಂತ ಮೂರು ಅಡಿ ಎತ್ತರದಲ್ಲಿ ಉಂಟೆನ್ನೋಣ; ಅಂದರೆ ನಾಲ್ಕು ಗೇಣು. ನೀರು ತಾಸಿಗೆ ಒಂದು ಗೇಣು ಏರುತ್ತಾ ಇದ್ದರೆ, ಇನ್ನು ನಾಲ್ಕು ತಾಸು ಉಂಟು, ಊಟಮಾಡಿ ಹೊರಡೋಣ ಎಂದು ಮನೆಯ ಯಜಮಾನನು ಲೆಕ್ಕಹಾಕುತ್ತಾನೆ. ಲೆಕ್ಕ ಸರಿ, ಆದರೆ ಅವನು ಅಳೆದ ಸ್ಥಳ ತಪ್ಪು. ಊರಿನಿಂದ ಮಡ್ಡಿಗೆ ಹೋಗುವ ದಾರಿಯು ನಡುವೆ ಒಂದು ತಗ್ಗಿನಲ್ಲಿ ಇಳಿದು ಹಳ್ಳವನ್ನು ದಾಟುತ್ತದೆ. ಆ ತಗ್ಗು ಈಗಿನ ನೀರಿಗಿಂತ ಒಂದೇ ಗೇಣು ಮೇಲಿದ್ದರೆ ಅವನಿಗೆ ಇರುವದು ನಾಲ್ಕು ತಾಸಲ್ಲ, ಒಂದೇ ತಾಸು. ಹೊಳೆಯ ನೀರು ಹಳ್ಳದೊಳಗೆ ಹಿಮ್ಮುಖವಾಗಿ ನುಗ್ಗಿ ದಾರಿಯನ್ನು ಕಡಿದ ಮೇಲೆ ಅವನ ಮನೆ ಒಣಗಿಯೇ ಇರುವದು, ಒಲೆಯೂ ಉರಿಯುತ್ತಿರುವದು, ಆದರೆ ಊರು ನಡುಗಡ್ಡೆಯಾಗಿರುವದು. ನೆರೆಯಲ್ಲಿ ಸಿಕ್ಕಿಕೊಂಡವರಲ್ಲಿ ಬಹು ಮಂದಿ ಸಿಕ್ಕಿಕೊಂಡದ್ದು ಈ ರೀತಿಯಲ್ಲಿಯೇ. ಕಾಲವನ್ನು ಹೊಸ್ತಿಲಿನಿಂದ ಎಣಿಸಬೇಡಿರಿ, ದಾರಿಯ ತಗ್ಗಿನಿಂದ ಎಣಿಸಿರಿ. ಮಳೆಗಾಲಕ್ಕೆ ಮುಂಚೆಯೇ ಆ ತಗ್ಗಿನಲ್ಲಿ ಒಂದು ಕಲ್ಲು ನೆಟ್ಟು ಬಣ್ಣ ಬಳಿದಿಡಿರಿ.

ಮನೆಯನ್ನು ನೀರಿನಿಂದ ತಡೆಯಬಹುದೋ ಎಂದು ಅನೇಕರು ಕೇಳುತ್ತಾರೆ. ಕಲ್ಲು ಸಿಮೆಂಟಿನ ಗೋಡೆಯಿದ್ದು ನೀರು ಎರಡು ಅಡಿಯೊಳಗೆ ನಿಲ್ಲುವದಾದರೆ ಬಾಗಿಲಿಗೆ ಮರಳಿನ ಚೀಲ ಇಡುವದು ಸಾರ್ಥಕ. ಚೀಲವನ್ನು ಬಿಗಿಯಾಗಿ ತುಂಬಬಾರದು. ಅರ್ಧಕ್ಕೆ ತುಸು ಮೇಲೆ ತುಂಬಿ, ಬಾಯನ್ನು ಅಡಿಗೆ ಮಡಚಿ, ಇಟ್ಟಿಗೆ ಇಟ್ಟ ಹಾಗೆ ಕೂಡಿಕೆಯ ಮೇಲೆ ಕೂಡಿಕೆ ಬಾರದಂತೆ ಜೋಡಿಸಿ ತುಳಿಯಬೇಕು. ನೀರಿನ ಕಡೆಗೆ ಪ್ಲಾಸ್ಟಿಕ್ ಹಾಳೆಯನ್ನು ಹಾಸಬೇಕು. ಬಚ್ಚಲಿನ ತೂಬನ್ನು ಮುಚ್ಚದೆ ಬಾಗಿಲನ್ನು ಮಾತ್ರ ಮುಚ್ಚಿದವನ ಮನೆಗೆ ನೀರು ಬಚ್ಚಲಿನಿಂದಲೇ ಏರಿ ಬರುವದು. ಆದರೆ ಮಣ್ಣಿನ ಗೋಡೆಯ ಮನೆಗೆ ಈ ಉಪಾಯವು ಸಲ್ಲದು. ಹೇಗಂದರೆ, ನಿಂತ ನೀರು ಮೂರು ಅಡಿ ಆಳವಿದ್ದರೆ ಗೋಡೆಯ ಒಂದೊಂದು ಅಡಿ ಉದ್ದವನ್ನೂ ಸುಮಾರು 125 ಕಿಲೋ ಭಾರದಿಂದ ಒತ್ತುತ್ತದೆ. ಇಪ್ಪತ್ತು ಅಡಿಯ ಗೋಡೆಗೆ ಅದು ಎರಡೂವರೆ ಟನ್ನು. ಆಳವು ಇಮ್ಮಡಿಯಾದರೆ ಒತ್ತುವ ಭಾರವು ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ. ಒಳಗೂ ಹೊರಗೂ ನೀರು ಸಮವಾಗಿದ್ದರೆ ಒಂದು ಒತ್ತಡವು ಇನ್ನೊಂದನ್ನು ತಡೆಯುವದು. ಆದದರಿಂದ ಆಳವಾದ ನೀರು ಬರುವದು ಖಂಡಿತವಾದರೆ ಸಾಮಾನುಗಳನ್ನು ತೆಗೆದು ಬಾಗಿಲನ್ನು ತೆರೆದಿಟ್ಟು ಹೋಗಿರಿ. ನಾವು ಇದನ್ನು ಹೇಳಿದಾಗ ಒಬ್ಬ ಹಿರಿಯರು, ಕಳ್ಳನಿಗೂ ತೆರೆದ ಹಾಗಾಯಿತಲ್ಲಾ ಅಂದರು. ಹಾಗೂ ಆದೀತು. ಅದಕ್ಕಾಗಿಯೇ ಒಡವೆ, ಹಣ, ಕಾಗದಗಳನ್ನು ಮೊದಲು ಸಾಗಿಸತಕ್ಕದ್ದು.

ಕಾಗದಗಳೆಂದರೆ ರೇಷನ್ ಕಾರ್ಡು, ಆಧಾರ್ ಕಾರ್ಡು, ಬ್ಯಾಂಕಿನ ಪಾಸುಬುಕ್ಕು, ಪಹಣಿ, ಹಕ್ಕುಪತ್ರ, ಮಕ್ಕಳ ಶಾಲೆಯ ಸರ್ಟಿಫಿಕೇಟು. ಇವೆಲ್ಲಾ ಮೃಗಶಿರಾ ಮಳೆಯ ಹೊತ್ತಿಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಕೂಡಿರಲಿ, ಮತ್ತು ಆ ಚೀಲವು ಎಲ್ಲಿದೆಯೆಂದು ಮನೆಯ ಹೆಂಗಸರಿಗೂ ಮಕ್ಕಳಿಗೂ ಗೊತ್ತಿರಲಿ. ಯಜಮಾನನೊಬ್ಬನಿಗೇ ಗೊತ್ತಿದ್ದು ಆ ದಿನ ಅವನು ಸಂತೆಗೆ ಹೋಗಿದ್ದರೆ ಏನು ಗತಿ? ಹೊರಡುವಾಗ ವಿದ್ಯುತ್ತಿನ ಮೇನನ್ನು ಆರಿಸಬೇಕು. ಹೊಳೆಯ ಪಂಪಸೆಟ್ಟನ್ನು ಪುಷ್ಯದ ಮಳೆಗೆ ಮುಂಚೆ ಮೇಲಕ್ಕೆ ತಂದಿಟ್ಟವನು ಜಾಣನು. ನೀರು ಬಂದ ಮೇಲೆ ಅದಕ್ಕೋಸ್ಕರ ಹೊಳೆಗಿಳಿಯುವವನ ವಿಷಯದಲ್ಲಿ ಹೇಳುವದೇನು! ಮೋಟರಿಗೆ ಬೆಲೆ ಉಂಟು, ಅಂಗಡಿಯಲ್ಲಿ ಮತ್ತೊಂದು ಸಿಕ್ಕುತ್ತದೆ.

ಹಗೇವಿನ ಮಾತನ್ನು ಬೇರೆಯಾಗಿ ಹೇಳಬೇಕು. ತಗ್ಗಿನ ಊರಲ್ಲಿ ಹಗೇವಿನಲ್ಲಿರುವ ಜೋಳವನ್ನು ಮಳೆಗಾಲಕ್ಕೆ ಮುಂಚೆ ತೆಗೆದು ಚೀಲಗಳಲ್ಲಿ ಅಟ್ಟಕ್ಕೋ ಮಡ್ಡಿಯ ನೆಂಟರ ಮನೆಗೋ ಸೇರಿಸುವದು ಒಳ್ಳೇದು. ನೀರು ಹೊಕ್ಕ ಹಗೇವಿನಲ್ಲಿ ಕಾಳು ಕೊಳೆತು ಕೆಟ್ಟ ಗಾಳಿ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ಇಳಿದವನು ಕೂಗುವದಕ್ಕೂ ಸಮಯ ಕೊಡುವದಿಲ್ಲ, ಅವನನ್ನು ಎತ್ತುವದಕ್ಕೆ ಇಳಿದ ತಮ್ಮನನ್ನೂ ಬಿಡುವದಿಲ್ಲ. ಹಿರಿಯರು ದೀಪವನ್ನು ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಮನುಷ್ಯನು ಇಳಿಯಕೂಡದು. ದೀಪ ಆರದಿದ್ದರೂ ಬಾಯನ್ನು ಬಹಳ ಹೊತ್ತು ತೆರೆದಿಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳದೆ ಇಳಿಯಬಾರದು.

ದನಕರುಗಳ ಸಂಗತಿಯಲ್ಲಿ ನಾವು ಒಂದು ಪಾಠವನ್ನು ಕಲಿತೆವು. 2019ರಲ್ಲಿ ಮಲಪ್ರಭೆಯ ದಂಡೆಯ ಒಂದು ಊರಿಗೆ ಜನರನ್ನು ಎಬ್ಬಿಸುವದಕ್ಕೆ ನಾವು ಕೆಲವು ಹುಡುಗರ ಸಂಗಡ ಹೋಗಿದ್ದೆವು. ಕೇರಿಯ ಕಡೇ ಮನೆಯಲ್ಲಿ ಒಬ್ಬ ಮುದುಕಿ ಹೊರಸಿನ ಮೇಲೆ ಕೂತಿದ್ದಳು. ನೀರು ಅಂಗಳಕ್ಕೆ ಬಂದಿತ್ತು.

“ಆಯಿ, ಏಳ್ರಿ, ಹೊತ್ತಿಲ್ಲ” ಅಂದೆವು.

“ನಾ ಬರಂಗಿಲ್ಲೋ ತಮ್ಮಾ. ಆಡಿನ ಮರಿ ಬಿಟ್ಟು ಎಲ್ಲಿ ಬರ್ಲಿ?” ಅಂದಳು.

ನಾವು ಜೀವದ ಬೆಲೆಯನ್ನು ಕುರಿತು ಆಕೆಗೆ ಅರ್ಧ ತಾಸು ಬೋಧಿಸಿದೆವು. ಆಕೆ ಕದಲಲಿಲ್ಲ. ನಮ್ಮ ಸಂಗಡವಿದ್ದ ಹುಡುಗರಲ್ಲಿ ಎಲ್ಲರಿಗಿಂತ ಚಿಕ್ಕವನು, ಶಾಲೆ ಬಿಟ್ಟವನು, ಏನೂ ಮಾತಾಡದೆ ಬುಟ್ಟಿಯೊಂದನ್ನು ತಂದು ಎರಡು ಮರಿಗಳನ್ನು ಅದರಲ್ಲಿಟ್ಟು ತಲೆಯ ಮೇಲೆ ಹೊತ್ತುಕೊಂಡು ನೀರಿನಲ್ಲಿ ನಡೆದನು. ತಾಯಿ ಆಡು ಕೂಗುತ್ತಾ ಅವನ ಹಿಂದೆ ಹೋಯಿತು. ಮುದುಕಿಯು ಎದ್ದು ಆಡಿನ ಹಿಂದೆ ಹೋದಳು. ನಮ್ಮ ಬೋಧನೆಯು ಅರ್ಧ ತಾಸನ್ನು ವ್ಯರ್ಥಮಾಡಿತು. ನೀರು ಆಗಲೇ ಮೊಳಕಾಲು ಮುಟ್ಟಿತ್ತು. ಬಡವರ ಮನೆಯಲ್ಲಿ ಆಡು ಎಂಬದು ಬ್ಯಾಂಕಿನ ಪುಸ್ತಕವೂ ಔಷಧದ ಖರ್ಚೂ ಮಗಳ ಹೆರಿಗೆಯೂ ಆಗಿದೆ. ದನ, ಎಮ್ಮೆ, ಆಡುಗಳಿಗೆ ಮಡ್ಡಿಯಲ್ಲಿ ಸ್ಥಳವನ್ನೂ ಬಣವೆಯ ಮೇವನ್ನೂ ಮೊದಲೇ ಗೊತ್ತುಮಾಡಿಟ್ಟರೆ ಜನರು ತಾವಾಗಿ ಹೊರಡುವರು. ಕೊನೆಗೆ ಏನೂ ಆಗದಿದ್ದರೆ ಕಣ್ಣಿಯನ್ನಾದರೂ ಬಿಚ್ಚಿಬಿಡಿರಿ. ದನವು ಈಜಬಲ್ಲದು, ಗೂಟಕ್ಕೆ ಕಟ್ಟಿದ ದನವು ಈಜಲಾರದು. ಗಳಲೆ ರೋಗದ ಚುಚ್ಚುಮದ್ದನ್ನು ಮಳೆಗಾಲಕ್ಕೆ ಮುಂಚೆ ಹಾಕಿಸಿರಿ.

ದೋಣಿಯ ವಿಷಯದಲ್ಲಿ ಒಂದೇ ಮಾತು. 2019ರ ಆಗಸ್ಟ್ 8ರಲ್ಲಿ ಸಾಂಗಲಿ ಜಿಲ್ಲೆಯ ಬ್ರಹ್ಮನಾಳ ಎಂಬ ಊರಲ್ಲಿ ನೆರೆಯಿಂದ ತಪ್ಪಿಸಿಕೊಂಡು ಹೋಗುತ್ತಿದ್ದವರ ದೋಣಿಯು ಜನರ ಭಾರದಿಂದ ಮಗುಚಿ ಹತ್ತು ಮಂದಿಗೂ ಹೆಚ್ಚು ಸತ್ತರು. ಅವರು ಮನೆಯಲ್ಲಿ ಮುಳುಗಿದವರಲ್ಲ, ಮನೆಯಿಂದ ಕಾಪಾಡಲ್ಪಡುತ್ತಿದ್ದವರು. ಎರಡನೇ ಸರದಿಗೆ ಕಾಯುವ ಧೈರ್ಯವು ಗಂಡಸರಿಗೆ ಇರಲಿ. ಹರಿಯುವ ನೀರು ಮೊಳಕಾಲುದ್ದ ಬಂದರೆ ದಾರಿಯನ್ನು ನಡೆದು ದಾಟುವದೂ ಬೇಡ, ಮೋಟರ್ ಸೈಕಲ್ಲಿನ ಮೇಲೆ ದಾಟುವದೂ ಬೇಡ. 1077ಕ್ಕೆ ಫೋನು ಮಾಡಿದರೆ ಜಿಲ್ಲೆಯವರಿಗೆ ಸುದ್ದಿ ಮುಟ್ಟುವದು.

ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾರೆವು. ಅನೇಕ ಊರುಗಳಲ್ಲಿ ನಮ್ಮವರ ಕೇರಿಯು ತಗ್ಗಿನಲ್ಲಿದೆ. ಅದು ತಾನಾಗಿ ಆದದ್ದಲ್ಲ. ಪೂರ್ವದಲ್ಲಿ ಎತ್ತರದ ಸ್ಥಳವನ್ನು ಯಾರು ತೆಗೆದುಕೊಂಡರು, ಉಳಿದದ್ದನ್ನು ಯಾರಿಗೆ ಬಿಟ್ಟರು ಎಂಬದನ್ನು ನೀವೆಲ್ಲರೂ ಬಲ್ಲಿರಿ. ಆದದರಿಂದ ನೀರು ಮೊದಲು ಕೇರಿಗೆ ಬರುತ್ತದೆ, ಡಂಗುರವು ಕಡೆಗೆ ಬರುತ್ತದೆ. ನಮ್ಮ ಕೇರಿಯವರು ತಮ್ಮ ಕಾವಲನ್ನು ತಾವೇ ಇಟ್ಟುಕೊಳ್ಳತಕ್ಕದ್ದು. ಪುಷ್ಯ, ಆಶ್ಲೇಷಾ ಮಳೆಗಳಲ್ಲಿ ಸರದಿಯಂತೆ ರಾತ್ರಿ ಇಬ್ಬರು ಎಚ್ಚರವಾಗಿದ್ದು ಗಳವನ್ನು ನೋಡುತ್ತಿರಲಿ. ನೆರೆಯ ಬಳಿಕ ಪರಿಹಾರದ ಪಟ್ಟಿಯ ಕೆಲಸವು ಉಂಟು. 2019ರಲ್ಲಿ ಸರಕಾರವು ನೀರು ಹೊಕ್ಕ ಮನೆಯವರಿಗೆ ತಕ್ಷಣಕ್ಕೆ 10,000 ರೂಪಾಯಿಯನ್ನೂ ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿಯನ್ನೂ ಗೊತ್ತುಮಾಡಿತು. ಆದರೆ ಹಕ್ಕುಪತ್ರ ಕೈಯಲ್ಲಿಲ್ಲದವರು, ಒಂದೇ ಮನೆಯಲ್ಲಿ ಮೂರು ಒಲೆ ಇದ್ದವರು, ಪಂಚನಾಮೆಯ ದಿನ ಕೂಲಿಗೆ ಹೋಗಿದ್ದವರು ತಿಂಗಳುಗಟ್ಟಲೆ ಅಲೆದದ್ದನ್ನು ನಾವು ಕಂಡೆವು. ಹಕ್ಕುಪತ್ರಕ್ಕೆ ಒಣಗಾಲದಲ್ಲಿ ಅರ್ಜಿ ಕೊಡಿರಿ. ಮಳೆಗಾಲಕ್ಕೆ ಮುಂಚೆ ಮನೆಯ ಮುಂದೆ ಮನೆಯವರೆಲ್ಲರೂ ನಿಂತು ಒಂದು ಚಿತ್ರ ತೆಗೆಸಿರಿ, ನೀರು ಇಳಿದ ಮೇಲೆ ಗೋಡೆಯ ಕಲೆಯು ಕಾಣುವಂತೆ ಮತ್ತೊಂದು ತೆಗೆಸಿರಿ. ಮಣ್ಣನ್ನು ಎತ್ತಿಹಾಕುವ ಅವಸರದಲ್ಲಿ ಸಾಕ್ಷಿಯನ್ನೂ ಎತ್ತಿಹಾಕಬೇಡಿರಿ.

ನೀರು ಇಳಿದ ಕೂಡಲೆ ಮನೆಯೊಳಗೆ ಮಲಗಬಾರದು. ಮಣ್ಣಿನ ಗೋಡೆಯು ಬುಡದಲ್ಲಿ ನೆನೆದು ಮೆತ್ತಗಾಗಿರುತ್ತದೆ. ಮೇಲ್ಮುದ್ದೆಯ ಮಾಳಿಗೆಯು ನೀರು ಕುಡಿದು ಭಾರವಾಗಿರುತ್ತದೆ. ಎರೆಯ ಭೂಮಿಯು ನೆನೆದಾಗ ಉಬ್ಬಿ, ಒಣಗುವಾಗ ಬಿರುಕು ಬಿಟ್ಟು ಅಡಿಪಾಯವನ್ನು ಕದಲಿಸುತ್ತದೆ. ನೀರಿನ ದಿನ ನಿಂತಿದ್ದ ಗೋಡೆಯು ಬಿಸಿಲಿನ ದಿನ ಬೀಳುವದು ಇದರಿಂದಲೇ. ಗೋಡೆ ಹೊಟ್ಟೆ ಬಿಟ್ಟಿದೆಯೋ, ತೊಲೆ ಸರಿದಿದೆಯೋ ಎಂಬದನ್ನು ಹೊರಗಿನಿಂದ ನೋಡಿ, ಮಕ್ಕಳನ್ನು ದೂರವಿಟ್ಟು, ಮಾಡುಗಳಲ್ಲಿಯೂ ಸೌದೆಯ ಸಂದಿನಲ್ಲಿಯೂ ಹಾವು ಸೇರಿದೆಯೋ ಎಂದು ಕೋಲಿನಿಂದ ತಟ್ಟಿ ಒಳಗೆ ಹೋಗಿರಿ. ಹಾವು ಕಚ್ಚಿದರೆ ಮಂತ್ರದವನ ಬಳಿಗಲ್ಲ, ಆಸ್ಪತ್ರೆಗೆ. ಬಾವಿಯ ನೀರನ್ನು ಬ್ಲೀಚಿಂಗ್ ಪುಡಿ ಹಾಕಿಸುವ ತನಕ ಕುಡಿಯಬಾರದು, ಆಮೇಲೆಯೂ ಕುದಿಸಿ ಕುಡಿಯಬೇಕು. ವಾಂತಿಭೇದಿ ಹತ್ತಿದ ಮಗುವಿಗೆ ಒಂದು ಲೀಟರು ಕುದಿಸಿ ಆರಿಸಿದ ನೀರಿನಲ್ಲಿ ಆರು ಚಹಾ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಕರಗಿಸಿ ಗುಟುಕುಗುಟುಕಾಗಿ ಕುಡಿಸುತ್ತಾ ಆಸ್ಪತ್ರೆಗೆ ಒಯ್ಯಿರಿ.

ಊರನ್ನೇ ಎತ್ತರಕ್ಕೆ ಸಾಗಿಸಿದರೆ ಈ ಕಷ್ಟವೆಲ್ಲಾ ತಪ್ಪದೋ ಎಂದು ಕೇಳುವವರಿದ್ದಾರೆ. 2009ರ ನೆರೆಯ ಬಳಿಕ ಆಸರೆ ಎಂಬ ಹೆಸರಿನಿಂದ ಹೊಸ ಸ್ಥಳಗಳಲ್ಲಿ ಮನೆಗಳನ್ನು ಕಟ್ಟಿದರು. ಕೆಲವರು ಹೋಗಿ ನೆಲೆಗೊಂಡರು. ಅನೇಕರು ಹೋಗಲಿಲ್ಲ, ಹೋದವರಲ್ಲಿ ಕೆಲವರು ಹಿಂದಿರುಗಿದರು. ಅವರನ್ನು ಮೂರ್ಖರೆನ್ನುವದು ಸುಲಭ. ಹೊಲವು ದೂರ, ಎಮ್ಮೆ ಕಟ್ಟುವದಕ್ಕೆ ಸ್ಥಳವಿಲ್ಲ, ಅಣ್ಣತಮ್ಮಂದಿರಿಗೆ ಒಂದೇ ಪೆಟ್ಟಿಗೆಯಂಥಾ ಮನೆ ಎಂಬ ಕಾರಣಗಳನ್ನು ಅವರು ಹೇಳುತ್ತಾರೆ, ಅವು ಸುಳ್ಳಲ್ಲ. ಆದರೂ ನಮ್ಮ ಅಭಿಪ್ರಾಯವನ್ನು ಕೇಳಿದರೆ, ಆ ಮೇಲಿನ ಮನೆಯನ್ನು ಮಾರಬೇಡಿರಿ, ಬಾಗಿಲು ಕಿಟಕಿಗಳನ್ನು ಕೀಳಬೇಡಿರಿ. ಮೃಗಶಿರೆಯಿಂದ ಹಸ್ತದ ವರೆಗೆ ಮುದುಕರೂ ಬಾಣಂತಿಯರೂ ಹಗೇವಿನ ಜೋಳವೂ ಅಲ್ಲಿರಲಿ.

ಈ ಪಾಠವನ್ನು ಮನೆಯಲ್ಲಿ ಓದಿಯಾದ ಮೇಲೆ ಕೇರಿಯವರು ಒಂದು ಸಾಯಂಕಾಲ ಕೂಡಿ ಈ ಪ್ರಶ್ನೆಗಳಿಗೆ ಉತ್ತರ ಹೇಳಿರಿ. ನಮ್ಮ ದಾರಿಯ ತಗ್ಗು ಯಾವದು, ಅದು 2019ರಲ್ಲಿ ಯಾವ ದಿನ ಯಾವ ಹೊತ್ತಿಗೆ ಮುಳುಗಿತು? ನೋಟುಬುಕ್ಕು ಯಾರ ಕೈಯಲ್ಲಿರಬೇಕು? ಗಳವನ್ನು ನೋಡುವ ಸರದಿ ಯಾರಿಂದ ಪ್ರಾರಂಭ? ಮಡ್ಡಿಯಲ್ಲಿ ನಮ್ಮ ದನಗಳಿಗೆ ಸ್ಥಳ ಕೊಡುವವರು ಯಾರು, ಅವರನ್ನು ಕೇಳಿ ಬರುವವರು ಯಾರು? ನಡೆಯಲಾರದವರು ನಮ್ಮಲ್ಲಿ ಎಷ್ಟು ಮಂದಿ, ಒಬ್ಬೊಬ್ಬರನ್ನು ಹೊರುವ ಇಬ್ಬಿಬ್ಬರ ಹೆಸರೇನು? ಈ ಕಡೇ ಪ್ರಶ್ನೆಯ ಉತ್ತರವನ್ನು ಕಾಗದದ ಮೇಲೆ ಬರೆದು, ಹೊರಬೇಕಾದವರಿಗೆ ಓದಿ ಹೇಳಿ, ಹೊರಲ್ಪಡಬೇಕಾದವರ ಮನೆಯ ಗೋಡೆಗೆ ಅಂಟಿಸಿರಿ.